ಗರಿಕೆ ಬಣ್ಣದ ಹೆಣ್ಣು, ಆರು ಋತುಗಳ ಮನಸ್ಸು

ಧನಾಶ್ರೀ ಗರಿಕೆ ಎಲೆಯ ಬಣ್ಣದವಳು. ಮಡಿಲಲ್ಲಿ ಹಲಗೆ ಇಟ್ಟುಕೊಂಡು, ದೂರ ಹೋದ ನಲ್ಲನ ಮುಖ ಬರೆಯುತ್ತ ಕುಳಿತಿದ್ದಾಳೆ. ಪಕ್ಕದಲ್ಲಿ ಗೆಳತಿ. ಕಣ್ಣೀರು ಎದೆಯ ಮೇಲೆ ಉದುರುತ್ತಿದೆ, ಕುಂಚ ಮಾತ್ರ ನಿಂತಿಲ್ಲ. ರಾಗವನ್ನೇ ಹೆಣ್ಣಾಗಿ ಕಂಡರೆ ರಾಗಿಣಿ; ಈ ರಾಗಿಣಿಯನ್ನು ಹೀಗೆ ಕಲ್ಪಿಸಿಕೊಂಡದ್ದು ಸಂಗೀತಶಾಸ್ತ್ರ. ಬಣ್ಣ ತುಂಬಿದವರು ರಾಗಗಳಿಗೆ ರೂಪ ಕೊಟ್ಟು ಬರೆಯುವ ರಾಗಮಾಲಾ ಚಿತ್ರಕಾರರು. ಭಾವಚಿತ್ರದೊಳಗೇ ಇನ್ನೊಂದು ಭಾವಚಿತ್ರ!

ರಾಗಮಾಲೆ ಎಂದರೆ ರಾಜಸ್ಥಾನದ್ದು ಎಂದುಕೊಂಡಿರುವ ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಉಳಿದಿರುವ ರಾಗಮಾಲಾ ಹಾಳೆಗಳಲ್ಲಿ ಅತಿ ಚೆಲುವಾದ ಕೆಲವು 16ನೇ ಶತಮಾನದ ಕೊನೆಯ ದಖ್ಖನ್ನಿನವು. ನಮ್ಮ ಅಥಣಿಯಿಂದ ಸುಮಾರು 70 ಕಿ.ಮೀ. ದೂರದ ವಿಜಯಪುರದಲ್ಲಿ ಆಗ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಳ್ವಿಕೆ (1580–1627). ಅಥಣಿ, ರಾಯಬಾಗ ಅವನ ಸೀಮೆಯೇ. ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟಿದ್ದ ಈ ಅರಸ, ದಖನಿಯಲ್ಲಿ ‘ಕಿತಾಬ್-ಎ-ನವರಸ’ ಬರೆದು ಹಾಡುಗಳನ್ನು ರಾಗವಾರು ಜೋಡಿಸಿದ. ಕೆಲವು ಹಾಡುಗಳಲ್ಲಿ ರಾಗಕ್ಕೇ ಮೈಬಣ್ಣ, ಉಡುಗೆ, ಒಡವೆ ಕೊಟ್ಟು ಕಣ್ಣೆದುರು ನಿಲ್ಲಿಸಿದ.

ಸಂಗೀತಶಾಸ್ತ್ರದ ಹನುಮಂತ ಮತದ ಲೆಕ್ಕದಲ್ಲಿ ರಾಗ ಆರು, ಒಂದೊಂದಕ್ಕೆ ಐದು ರಾಗಿಣಿಯರು. ವಸಂತಕ್ಕೆ ಹಿಂದೋಳ, ಗ್ರೀಷ್ಮಕ್ಕೆ ದೀಪಕ, ಮಳೆಗೆ ಮೇಘ, ಶರದಕ್ಕೆ ಭೈರವ, ಹೇಮಂತಕ್ಕೆ ಶ್ರೀ, ಶಿಶಿರಕ್ಕೆ ಮಾಲಕೌಂಸ. ಉತ್ತರದ ಬಾರಾಮಾಸಾ ಚಿತ್ರಗಳು ಋತುವಿನ ಬದಲು ಹನ್ನೆರಡು ತಿಂಗಳನ್ನು ಒಂದೊಂದಾಗಿ ತೋರಿಸಿದವು. ಕೇಶವದಾಸನ ‘ಕವಿಪ್ರಿಯಾ’ದಲ್ಲಿ (1601) ಹೆಂಡತಿ ಪ್ರತಿ ತಿಂಗಳೂ ಒಂದೊಂದು ನೆವ ಹೇಳಿ ಗಂಡನನ್ನು ಪಯಣ ಹೊರಡದಂತೆ ತಡೆಯುತ್ತಾಳೆ.

ಇಂಥ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಹೆಣ್ಣಿನ ಮುಖ ಹೆಚ್ಚುಕಡಿಮೆ ಒಂದೇ: ಪಕ್ಕಕ್ಕೆ ತಿರುಗಿದ ಮೋರೆ, ದೊಡ್ಡ ಕಣ್ಣು. ಅಳುವೂ ನಗುವೂ ತುಟಿಯಲ್ಲಿ ಕಾಣುವುದು ಕಡಿಮೆ. ಅವಳ ಮನಸ್ಸನ್ನು ಹೇಳುವುದು ಸುತ್ತಲಿನ ಋತು. ಕರಿಮೋಡದ ಕೆಳಗೆ ಬೆಳ್ಳಕ್ಕಿಯ ಸಾಲು ಹಾರಿದರೆ ಕಾಯುವವಳ ತಳಮಳ, ಹೂಬಿಟ್ಟ ಮರದಡಿ ನಿಂತರೆ ಬಯಕೆ, ಹಾಸಿದ ಮಂಚ ಖಾಲಿ ಇದ್ದರೆ ನಿಟ್ಟುಸಿರು. ಮುಖವನ್ನು ಇಷ್ಟು ಮೌನವಾಗಿಟ್ಟು ಆಕಾಶದಿಂದ ಮಾತಾಡಿಸುವುದೇ ಈ ಕಲೆಯ ದೊಡ್ಡಸ್ತಿಕೆ ಎಂದು ನನಗನ್ನಿಸುತ್ತದೆ.

ಕೃಷ್ಣೆಯ ದಂಡೆಯ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶ್ರಾವಣದ ಮೋಡ ಕವಿದರೆ ಸಾಕು, ಪಂಚಮಿಗೆ ಕರೆಯಲು ಅಣ್ಣ ಬಂದನೇನೋ ಎಂದು ಹತ್ತು ಸಲ ಬಾಗಿಲಿಗೆ ಬರುತ್ತಾರೆ. ಹಿಂದೋಳವೆಂದರೆ ಜೋಕಾಲಿ. ಶಾಸ್ತ್ರ ಅದನ್ನು ವಸಂತಕ್ಕೆ ಕಟ್ಟಿತು, ನಮ್ಮವರು ನಾಗರಪಂಚಮಿಗೆ ಕಟ್ಟಿದರು.

ದಖ್ಖನಿ ಹಿಂದೋಳದ ಒಂದು ಹಾಳೆ ಈಗ ದಿಲ್ಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಅದರ ಜೊತೆಯ ಹಲವು ಹಾಳೆಗಳು ಉಳಿದುಬಂದದ್ದು ಬಿಕಾನೇರದ ಅರಮನೆಯಲ್ಲಿ. ನಮ್ಮ ಹಳ್ಳಿಯ ಮಕ್ಕಳಿಗೆ ಅವುಗಳ ಹೆಸರೂ ಕಿವಿಗೆ ಬಿದ್ದಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಚಿತ್ರಕಲಾ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಈ ವರ್ಷ ಮಕ್ಕಳಿಂದ ಅವ್ವನ ಚಿತ್ರ ಬರೆಸಿ, ಋತುವಿಗೊಂದರಂತೆ ಆರು: ಪಂಚಮಿಯ ಜೋಕಾಲಿಯ ಮೇಲೆ, ಎಳ್ಳ ಅಮಾವಾಸ್ಯೆಯ ಹೊಲದಲ್ಲಿ, ಕಬ್ಬು ಕಡಿಯುವ ದಿನಗಳಲ್ಲಿ, ಬೇಸಿಗೆಯ ನೀರಿನ ಸಾಲಿನಲ್ಲಿ, ಹೀಗೆ. ಬರೆದಾದ ಮೇಲೆ ಆರನ್ನೂ ಒಂದೇ ಗೋಡೆಗೆ ತೂಗುಹಾಕಿ, ಅವ್ವಂದಿರನ್ನು ಕರೆದು ತೋರಿಸಿ.