ಕ್ಲೌಡ್ ಬಿಲ್ಲಿಗೆ ಯಾರ ಸಹಿ?

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ, ಎರಡೂ ಊರುಗಳ ನಡುವೆ ಮಾಚೇನಹಳ್ಳಿ ಸಿಗುತ್ತದೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿಗಳೂ ಇವೆ, ಐಟಿ ಪಾರ್ಕೂ ಇದೆ. ಫೌಂಡ್ರಿಗೆ ಹೊಸ ಯಂತ್ರ ಬೇಕಾದರೆ ಕೊಟೇಶನ್ ತರಿಸಬೇಕು, ಮ್ಯಾನೇಜರ್ ಒಪ್ಪಬೇಕು, ಅಕೌಂಟ್ಸ್‌ನವರು ತಲೆ ಆಡಿಸಬೇಕು, ಬ್ಯಾಂಕಿನಲ್ಲಿ ಸಾಲ ಮಂಜೂರಾಗಬೇಕು. ಸಾಫ್ಟ್‌ವೇರ್ ಕಚೇರಿಯಲ್ಲಿ ಹಾಗಲ್ಲ. ಹೋದ ವರ್ಷವಷ್ಟೇ ನವುಲೆಯ ಇಂಜಿನಿಯರಿಂಗ್ ಕಾಲೇಜು ಮುಗಿಸಿ ಬಂದ ಹುಡುಗಿ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಸಾಕು, ಮುಂಬೈಯಲ್ಲೋ ಹೈದರಾಬಾದಿನಲ್ಲೋ ಹತ್ತು ಸರ್ವರುಗಳು ಅವಳ ಕೆಲಸಕ್ಕೆ ನಿಲ್ಲುತ್ತವೆ. ಆ ಕ್ಷಣದಿಂದ ಮೀಟರ್ ಓಡುತ್ತದೆ. ಯಾರ ಸಹಿಯೂ ಬೇಕಿಲ್ಲ.

ಕ್ಲೌಡ್ ಕಂಪ್ಯೂಟಿಂಗ್ ತಂದ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ ಎಂದು ನನಗನ್ನಿಸುತ್ತದೆ. ಹಣ ಖರ್ಚು ಮಾಡುವ ಅಧಿಕಾರ ಅಕೌಂಟ್ಸ್ ವಿಭಾಗದ ಮೇಜಿನಿಂದ ಎದ್ದು ಇಂಜಿನಿಯರಿನ ಕೀಲಿಮಣೆಗೆ ಬಂತು. ಆದರೆ ಬಿಲ್ ಮಾತ್ರ ಇವತ್ತಿಗೂ ಅಕೌಂಟ್ಸ್ ವಿಭಾಗಕ್ಕೇ ಬರುತ್ತದೆ.

ಅಮೆಜಾನ್ ಕಂಪನಿ ತನ್ನ ಸರ್ವರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರುಮಾಡಿದ್ದು 2006ರಲ್ಲಿ. 2017ರ ಹೊತ್ತಿಗೆ ಬಾಡಿಗೆ ಸೆಕೆಂಡಿನ ಲೆಕ್ಕಕ್ಕೆ ಇಳಿಯಿತು. ಅದರ ಮುಂಬೈ ಕೇಂದ್ರ 2016ರಲ್ಲಿ ತೆರೆಯಿತು, ಹೈದರಾಬಾದಿನದು 2022ರಲ್ಲಿ. ನಮ್ಮ ಸರ್ಕಾರದ ಇಲಾಖೆಗಳಿಗಾಗಿ ‘ಮೇಘರಾಜ್’ ಎಂಬ ರಾಷ್ಟ್ರೀಯ ಕ್ಲೌಡ್ 2014ರಲ್ಲೇ ಬಂದಿದೆ. ಹೀಗೆ ಬಾಡಿಗೆಗೆ ತರುವುದರ ಅನುಕೂಲ ಅರ್ಥವಾಗಬೇಕಾದರೆ ಎಸ್ಎಸ್ಎಲ್‌ಸಿ ಫಲಿತಾಂಶದ ದಿನ ನೆನೆಸಿಕೊಳ್ಳಿ. ವರ್ಷವೆಲ್ಲ ಹೆಚ್ಚು ಜನ ಹಾಯದ ಜಾಲತಾಣಕ್ಕೆ ಅವತ್ತು ಒಂದೇ ಗಂಟೆಯಲ್ಲಿ ಲಕ್ಷಾಂತರ ಮಂದಿ ನುಗ್ಗುತ್ತಾರೆ. ಆ ಒಂದು ದಿನಕ್ಕೋಸ್ಕರ ಸರ್ವರ್ ಕೊಂಡಿಟ್ಟರೆ ಉಳಿದ 364 ದಿನ ಅವು ಸುಮ್ಮನೆ ಬಿಸಿಯಾಗುತ್ತಿರುತ್ತವೆ. ಬಾಡಿಗೆಗೆ ತಂದರೆ ಸಂಜೆಗೆ ಹಿಂದಕ್ಕೆ ಕೊಡಬಹುದು. ಸಂಜೆ ಹಿಂದಕ್ಕೆ ಕೊಡುವ ಕೆಲಸ ಯಾರದು ಎಂದು ಕೇಳಿದರೆ ಮಾತ್ರ ಕಚೇರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಸಣ್ಣ ಕಂಪನಿ. ಹೆಸರು ಬೇಡ, ಕಲ್ಪನೆಯದು. ತಿಂಗಳ ಕೊನೆಗೆ ಅದರ ಕ್ಲೌಡ್ ಬಿಲ್ ಬರುತ್ತದೆ. ಬಿಲ್ ಎಂದರೆ ಒಂದು ಹಾಳೆಯಲ್ಲ, ಸಾವಿರಾರು ಸಾಲುಗಳ ಪಟ್ಟಿ: ಯಾವ ಸರ್ವರ್ ಎಷ್ಟು ಗಂಟೆ ಓಡಿತು, ಎಷ್ಟು ಗಿಗಾಬೈಟ್ ಎಷ್ಟು ದಿನ ಕೂತಿತ್ತು, ಎಷ್ಟು ದತ್ತಾಂಶ ಹೊರಗೆ ಹೋಯಿತು.

“ಏನಮ್ಮ, ಈ ಡೇಟಾ ಟ್ರಾನ್ಸ್‌ಫರ್ ಅಂತ ಇಷ್ಟು ಹಾಕಿದ್ದಾರಲ್ಲ, ಯಾರಿಗೆ ಕಳಿಸ್ತಿದ್ದೀರಿ ಇಷ್ಟೆಲ್ಲ?” ಎಂದು ಅಕೌಂಟ್ಸ್‌ನವರು ಕೇಳುತ್ತಾರೆ.

“ಅದು ನಮ್ಮ ಟೀಮಿಂದಲ್ಲ ಸಾರ್,” ಎನ್ನುತ್ತಾಳೆ ಹುಡುಗಿ.

ಅವಳು ಸುಳ್ಳು ಹೇಳುತ್ತಿಲ್ಲ. ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೂ ಇನ್ನೊಂದರಲ್ಲಿ ಕೆಲಸ ನಡೆಯಲಿ ಎಂದು ಇನ್ನೊಂದು ತಂಡ ಒಂದೇ ಪ್ರದೇಶದ ಎರಡು ವಲಯಗಳಲ್ಲಿ ಸರ್ವರ್ ಇಟ್ಟಿದೆ. ಈ ಎರಡು ವಲಯಗಳ ನಡುವೆ ಓಡಾಡುವ ಪ್ರತಿ ಗಿಗಾಬೈಟಿಗೂ ಶುಲ್ಕವಿದೆ. ಆ ತಂಡಕ್ಕೆ ಗೊತ್ತಿರುವುದು ಬೆಂಕಿಯ ಭಯ, ಅಕೌಂಟ್ಸ್‌ನವರಿಗೆ ಗೊತ್ತಿರುವುದು ಬಿಲ್ಲಿನ ಮೊತ್ತ. ಇವೆರಡೂ ಒಂದೇ ಸಂಗತಿಯ ಎರಡು ಮಗ್ಗುಲು ಎಂದು ಇಬ್ಬರಿಗೂ ಹೇಳುವವರಿಲ್ಲ.

ಬಿಲ್ಲಿನೊಳಗೆ ಇನ್ನಷ್ಟು ಇಳಿದರೆ ಚಿಲ್ಲರೆ ಸೋರಿಕೆಗಳು ಕಾಣುತ್ತವೆ. ಇಂಟರ್ನೆಟ್ಟಿನಲ್ಲಿ ಸರ್ವರಿಗೆ ಒಂದು ವಿಳಾಸ ಬೇಕಲ್ಲ, ಹಳೆಯ ಐಪಿವಿ4 ಮಾದರಿಯ ಆ ವಿಳಾಸಕ್ಕೆ ಅಮೆಜಾನ್ 2024ರ ಫೆಬ್ರವರಿಯಿಂದ ಗಂಟೆಗೆ ಅರ್ಧ ಸೆಂಟ್ ಹಾಕುತ್ತಿದೆ. ಕೇಳಲಿಕ್ಕೆ ಏನೂ ಅಲ್ಲ. ವರ್ಷಕ್ಕೆ 8,760 ಗಂಟೆ, ಅಂದರೆ ಒಂದು ವಿಳಾಸಕ್ಕೆ ಸುಮಾರು 44 ಡಾಲರ್. ಬಿಟ್ಟುಹೋದ ಉದ್ಯೋಗಿಗಳು ಮರೆತುಹೋದ ವಿಳಾಸಗಳು ಇನ್ನೂರಿದ್ದರೆ ಆಗ ನೋಡಿ. ಇನ್ನು ಪರೀಕ್ಷೆಗೆಂದೇ ಇಟ್ಟ ಸರ್ವರುಗಳು. ವಾರದಲ್ಲಿ 168 ಗಂಟೆಗಳಿವೆ. ತಂಡ ದಿನಕ್ಕೆ ಹತ್ತು ತಾಸಿನಂತೆ ಐದು ದಿನ ಕೂತು ಕೆಲಸ ಮಾಡಿದರೂ 50 ತಾಸು. ಮಿಕ್ಕ 118 ತಾಸು, ಅಂದರೆ ನೂರಕ್ಕೆ ಎಪ್ಪತ್ತರಷ್ಟು ಹೊತ್ತು, ಯಾರೂ ಮುಟ್ಟದ ಸರ್ವರಿಗೆ ಬಾಡಿಗೆ ಕಟ್ಟುತ್ತಾ ಹೋಗುವುದು.

ಹಾಗಾದರೆ ಇಂಜಿನಿಯರುಗಳು ದುಂದುಗಾರರೇ? ರಾತ್ರಿ ಎರಡಕ್ಕೆ ಸಾಫ್ಟ್‌ವೇರ್ ಕುಸಿದರೆ ಫೋನ್ ಬರುವುದು ಅವರಿಗೆ, ಅಕೌಂಟ್ಸ್‌ನವರಿಗಲ್ಲ. ಎರಡು ಸರ್ವರ್ ಸಾಕಾಗುವಲ್ಲಿ ನಾಲ್ಕು ಇಟ್ಟರೆ ನಿದ್ದೆ ಕೆಡುವುದಿಲ್ಲ, ಆ ನಿದ್ದೆಯ ಬೆಲೆಯನ್ನು ಬೇರೆ ಯಾರೋ ಕಟ್ಟುತ್ತಾರೆ. ನಾಲ್ಕು ಬಾಡಿಗೆ ಮನೆಗಳಿಗೆ ಒಂದೇ ಮೆಸ್ಕಾಂ ಮೀಟರ್ ಇದ್ದರೆ ಯಾವ ಮನೆಯವರು ಗೀಸರ್ ಆರಿಸಲು ಓಡುತ್ತಾರೆ? ‘ಮಿತವಾಗಿ ಬಳಸಿ’ ಎಂದು ಮಾಲೀಕ ಚೀಟಿ ಅಂಟಿಸುವುದರಿಂದ ಬಿಲ್ ಇಳಿಯುವುದಿಲ್ಲ, ಮನೆಗೊಂದು ಸಬ್‌ಮೀಟರ್ ಹಾಕಿಸಿದರೆ ಇಳಿಯುತ್ತದೆ.

ಹಲವು ವಿಭಾಗಗಳ ಖರ್ಚು ಒಂದೇ ಲೆಕ್ಕಕ್ಕೆ ಬಂದು ಬೀಳುವ ತೊಡಕು ಕಂಪ್ಯೂಟರಿಗಿಂತ ಹಳೆಯದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಆ ಊರಿನಲ್ಲಿ 1918ರಲ್ಲಿ ಕೆಲಸ ಶುರುವಾಗಿ, 1923ರ ಜನವರಿಯಲ್ಲಿ ಉತ್ಪಾದನೆ ಆರಂಭವಾಯಿತು. ಅದರ ಮೊದಲ ಹೆಸರಿನಲ್ಲಿ ಕಬ್ಬಿಣದ ಜೊತೆಗೆ ‘ವುಡ್ ಡಿಸ್ಟಿಲೇಷನ್’ ಕೂಡ ಇತ್ತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲಿರಲಿಲ್ಲ, ಕಾಡಿತ್ತು. ಹಾಗಾಗಿ ಸೌದೆಯಿಂದ ಇದ್ದಿಲು ಮಾಡಿ, ಆ ಇದ್ದಿಲಿನಿಂದ ಊದುಕುಲುಮೆ ನಡೆಸುವುದೆಂದು ತೀರ್ಮಾನವಾಯಿತು. ಸೌದೆಯನ್ನು ಸುಮ್ಮನೆ ಸುಡದೆ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಇದ್ದಿಲಿನ ಜೊತೆ ಟಾರೂ ಮರದ ಮದ್ಯಸಾರವೂ ಸಿಗುತ್ತವೆ, ಅವನ್ನೂ ಮಾರಬಹುದು. ಅದಿರು ಕೆಮ್ಮಣ್ಣುಗುಂಡಿಯಿಂದ, ಸುಣ್ಣಕಲ್ಲು ಭಂಡಿಗುಡ್ಡದಿಂದ, ಸೌದೆ ಸುತ್ತಲಿನ ಕಾಡಿನಿಂದ.

ಇಂಥ ಕಾರ್ಖಾನೆಯಲ್ಲಿ ಖರ್ಚು ಹೇಗೆ ಜಾರುತ್ತದೆ ನೋಡಿ. ಕಾಡಿನ ಕಡೆಯವರು ಒಣಗಿಸುವ ಜಾಗ, ಕಾಲ ಉಳಿಸಲು ಹಸಿ ಸೌದೆಯನ್ನೇ ಸಾಗಿಸಿದರೆ ಅವರ ಲೆಕ್ಕ ಚೆನ್ನಾಗಿ ಕಾಣುತ್ತದೆ. ಆದರೆ ಆ ನೀರನ್ನು ಆವಿ ಮಾಡಲು ಬಟ್ಟಿ ಇಳಿಸುವ ಘಟಕದಲ್ಲಿ ಹೆಚ್ಚು ಶಾಖ ಸುರಿಯಬೇಕು. ಹಸಿ ಸೌದೆಯ ದೆಸೆಯಿಂದ ಅಲ್ಲಿಂದ ಪುಡಿ ಇದ್ದಿಲು ಬಂದರೆ ಊದುಕುಲುಮೆಯೊಳಗೆ ಗಾಳಿ ಸರಾಗವಾಗಿ ಆಡುವುದಿಲ್ಲ, ಕಬ್ಬಿಣ ಕಡಿಮೆ ಇಳಿಯುತ್ತದೆ. ಮೂರು ವಿಭಾಗಗಳಲ್ಲಿ ಮೊದಲನೆಯದು ಉಳಿತಾಯ ತೋರಿಸುತ್ತದೆ, ಕೊನೆಯದು ನಷ್ಟ ತೋರಿಸುತ್ತದೆ, ಎರಡಕ್ಕೂ ಕಾರಣ ಒಂದೇ. ಇದನ್ನು ಹಿಡಿದುಕೊಡಬಲ್ಲದ್ದು ವಿಭಾಗವಾರು ಲೆಕ್ಕವಲ್ಲ, ಎಲ್ಲರನ್ನೂ ಒಟ್ಟಿಗೆ ಕಟ್ಟಿಹಾಕುವ ಒಂದು ಅಂಕಿ: ಒಂದು ಟನ್ ಬೀಡುಕಬ್ಬಿಣಕ್ಕೆ ಬಿದ್ದ ಖರ್ಚು. ಮೊದಲ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆ ನಷ್ಟದ ಹಾದಿ ಹಿಡಿದಾಗ 1923ರಲ್ಲಿ ಅದರ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದವರು ಸರ್ ಎಂ. ವಿಶ್ವೇಶ್ವರಯ್ಯ. ಅಂಕಿಅಂಶಗಳ ವಿಷಯದಲ್ಲಿ ಅವರಿಗಿದ್ದ ಹಟ ಎಲ್ಲರಿಗೂ ಗೊತ್ತಿರುವಂಥದ್ದು. ಖರ್ಚು ಇಳಿಸುವುದೇ ಅಲ್ಲಿ ಅವರ ಮುಖ್ಯ ಕೆಲಸವಾಯಿತು. ಆ ಕಾರ್ಖಾನೆಗೆ ಮುಂದೆ ಅವರದೇ ಹೆಸರು ಬಂತು.

ನಮ್ಮ ಅಡಿಕೆ ಸಾಫ್ಟ್‌ವೇರಿನ ಕಂಪನಿಗೂ ಟನ್ನಿನ ಲೆಕ್ಕದಂಥ ಒಂದು ಅಂಕಿ ಬೇಕು. ಅಕ್ಟೋಬರಿನಲ್ಲಿ ಕ್ಲೌಡ್ ಬಿಲ್ 4 ಲಕ್ಷ ರೂಪಾಯಿ, ಫೆಬ್ರವರಿಯಲ್ಲಿ 6 ಲಕ್ಷ ಬಂತೆನ್ನಿ. ಅಕೌಂಟ್ಸ್‌ನವರು ಹೌಹಾರುತ್ತಾರೆ. ಆದರೆ ಅಕ್ಟೋಬರಿನಲ್ಲಿ ಮಂಡಿಗಳು ಬರೆದ ಬಿಲ್ಲುಗಳು 2 ಲಕ್ಷ, ಫೆಬ್ರವರಿಯಲ್ಲಿ 4 ಲಕ್ಷ. ಒಂದು ಮಂಡಿ ಬಿಲ್ಲಿಗೆ ಎರಡು ರೂಪಾಯಿ ಬೀಳುತ್ತಿದ್ದದ್ದು ಒಂದೂವರೆಗೆ ಇಳಿದಿದೆ. ಹೊಗಳಬೇಕಾದ ತಂಡವನ್ನು ಬೈಯಲು ಹೊರಟಿದ್ದರು! ಈ ಅಂಕಿಯನ್ನು ಅಕೌಂಟ್ಸ್ ಒಂದೇ ಹುಟ್ಟಿಸಲಾರದು. ಮೇಲಿನ ಮೊತ್ತ ಅವರಲ್ಲಿದೆ, ಕೆಳಗಿನ ಸಂಖ್ಯೆ ಮಂಡಿಗಳ ಜೊತೆ ವ್ಯವಹರಿಸುವವರ ಬಳಿ ಇದೆ, ಯಾವ ಸರ್ವರ್ ಯಾವ ಕೆಲಸಕ್ಕೆ ಎಂಬುದು ಇಂಜಿನಿಯರುಗಳ ತಲೆಯಲ್ಲಿದೆ. ಮೂವರೂ ಕೂತರೆ ಮಾತ್ರ ಭಾಗಾಕಾರ ನಡೆಯುತ್ತದೆ.

ಇದಕ್ಕೆ ಮೊದಲ ಮೆಟ್ಟಿಲು ಸರ್ವರುಗಳಿಗೆ ಚೀಟಿ ಅಂಟಿಸುವುದು. ಯಾವ ತಂಡದ್ದು, ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಎಂಬ ಈ ಚೀಟಿಗೆ ‘ಟ್ಯಾಗ್’ ಎನ್ನುತ್ತಾರೆ. ತೀರಾ ನೀರಸ ಕೆಲಸ, ಆದ್ದರಿಂದಲೇ ಯಾರೂ ಮಾಡುವುದಿಲ್ಲ. ಚೀಟಿಯಿಲ್ಲದೆ ಸರ್ವರ್ ಏಳುವುದೇ ಇಲ್ಲ ಎಂದು ವ್ಯವಸ್ಥೆಯಲ್ಲೇ ತಡೆ ಹಾಕಿದ ಕಡೆ ಮಾತ್ರ ಇದು ಉಳಿಯುತ್ತದೆ.

ಎಲ್ಲ ತಂಡಗಳೂ ಹಂಚಿಕೊಂಡ ಯಂತ್ರಗಳ ಲೆಕ್ಕ ಇದಕ್ಕಿಂತ ಸ್ವಾರಸ್ಯವಾದದ್ದು. ಗೂಗಲ್ 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಕ್ಯೂಬರ್ನೆಟಿಸ್ ಎಂಬ ತಂತ್ರಾಂಶ ಹತ್ತಾರು ತಂಡಗಳ ಕೆಲಸವನ್ನು ಒಂದೇ ಸರ್ವರ್ ಗುಂಪಿನ ಮೇಲೆ ಓಡಿಸುತ್ತದೆ. ‘ನನಗೆ ಇಷ್ಟು ಜಾಗ ಕಾದಿರಿಸಿ’ ಎಂದು ಪ್ರತಿ ತಂಡವೂ ಮುಂಚೆಯೇ ಹೇಳುತ್ತದೆ. ಬಿಲ್ಲನ್ನು ಹೇಗೆ ಹಂಚಬೇಕು? ಬಳಸಿದ್ದಕ್ಕೆ ತಕ್ಕಂತೆ ಎಂಬುದು ನ್ಯಾಯವಾಗಿ ಕಾಣುತ್ತದೆ. ಆದರೆ ಹಾಗೆ ಮಾಡಿದರೆ ಹತ್ತು ಸೀಟು ಕಾದಿರಿಸಿ ಒಂದರಲ್ಲಿ ಕೂತ ತಂಡ ಒಂದು ಸೀಟಿನ ದುಡ್ಡು ಕೊಟ್ಟು ಪಾರಾಗುತ್ತದೆ, ಖಾಲಿ ಒಂಬತ್ತರ ಭಾರ ಉಳಿದವರ ಮೇಲೆ ಬೀಳುತ್ತದೆ. ಅದಕ್ಕೇ ಓಪನ್‌ಕಾಸ್ಟ್‌ನಂಥ ಲೆಕ್ಕದ ತಂತ್ರಾಂಶಗಳು ಕಾದಿರಿಸಿದ್ದು, ಬಳಸಿದ್ದು, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯುತ್ತವೆ. ಹಂಚುವ ಸೂತ್ರ ಬದಲಾದರೆ ಜನರ ನಡವಳಿಕೆಯೂ ಬದಲಾಗುತ್ತದೆ.

ಜಗಳ ನಿಜವಾಗಿ ಹತ್ತಿಕೊಳ್ಳುವುದು ರಿಯಾಯಿತಿಯ ವಿಷಯದಲ್ಲಿ. ಒಂದು ಅಥವಾ ಮೂರು ವರ್ಷ ಬಳಸುತ್ತೇವೆಂದು ಮೊದಲೇ ಮಾತು ಕೊಟ್ಟರೆ ಅಮೆಜಾನ್ ನೂರಕ್ಕೆ 72ರವರೆಗೆ ಬೆಲೆ ಇಳಿಸುತ್ತದೆ. ಖರೀದಿ ವಿಭಾಗದವರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇರೆಯಿಲ್ಲ, ತಕ್ಷಣ ಸಹಿ ಹಾಕುತ್ತಾರೆ. ಇಂಜಿನಿಯರುಗಳು ಮೂರು ತಿಂಗಳಲ್ಲಿ ಬೇರೆ ಮಾದರಿಯ ಪ್ರೊಸೆಸರಿಗೆ ಹೋಗಲು ತಯಾರಿ ನಡೆಸಿದ್ದಾರೆ ಎಂಬುದು ಅವರಿಗೆ ಗೊತ್ತಿಲ್ಲ. ನೂರಕ್ಕೆ 40 ರಿಯಾಯಿತಿ ಸಿಕ್ಕಿತೆಂದು ಹಿಡಿಯಿರಿ. ನೂರು ರೂಪಾಯಿಯ ಬಾಡಿಗೆಗೆ ಅರವತ್ತು ಕೊಡುತ್ತೀರಿ, ಬಳಸಲಿ ಬಿಡಲಿ. ಮಾತು ಕೊಟ್ಟದ್ದರಲ್ಲಿ ನೂರಕ್ಕೆ ಅರವತ್ತು ಪಾಲು ಬಳಸಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಕೆಳಗೆ ಹೋದರೆ ರಿಯಾಯಿತಿ ತೆಗೆದುಕೊಂಡದ್ದೇ ನಷ್ಟ. ನಿರ್ದಿಷ್ಟ ಮಾದರಿಯ ಸರ್ವರಿಗೆಂದು ಮಾತು ಕೊಟ್ಟು ಆ ಮಾದರಿಯನ್ನೇ ಬಿಟ್ಟವರ ಪಾಡು ಇದು.

ಇನ್ನೊಂದು ಕಡೆ, ತಮ್ಮಲ್ಲಿ ಖಾಲಿ ಬಿದ್ದ ಸರ್ವರುಗಳನ್ನು ಕ್ಲೌಡ್ ಕಂಪನಿಗಳು ನೂರಕ್ಕೆ 90ರವರೆಗೂ ಇಳಿಸಿ ಕೊಡುತ್ತವೆ. ಷರತ್ತು ಒಂದೇ, ಬೇರೆ ಗಿರಾಕಿ ಬಂದರೆ ತೀರಾ ಕಡಿಮೆ ಹೊತ್ತಿನ ನೋಟಿಸ್ ಕೊಟ್ಟು (ಅಮೆಜಾನಿನಲ್ಲಿ ಎರಡು ನಿಮಿಷ) ಕಿತ್ತುಕೊಳ್ಳುತ್ತಾರೆ. ಮಂಡಿಯಲ್ಲಿ ತೂಕ ನಡೆಯುತ್ತಿರುವಾಗ ಬಿಲ್ ಬರೆಯುವ ಸರ್ವರ್ ಹೀಗೆ ಹೋದರೆ ರೈತರು ಸುಮ್ಮನಿರುವುದಿಲ್ಲ. ರಾತ್ರಿ ಕೂತು ತಿಂಗಳ ವರದಿ ಕಟ್ಟುವ ಸರ್ವರ್ ಹೋದರೆ ಮತ್ತೆ ಶುರುಮಾಡಿದರಾಯಿತು. ಯಾವುದು ಯಾವ ಬಗೆಯದು ಎಂದು ಹೇಳಬಲ್ಲವರು ಆ ಕೆಲಸ ಬರೆದವರು ಮಾತ್ರ. ಅಗ್ಗದ ದರದ ಪಟ್ಟಿ ಕೈಯಲ್ಲಿ ಹಿಡಿದವರು ಅವರನ್ನು ಕೇಳದಿದ್ದರೆ ಪಟ್ಟಿಯಿಂದ ಪ್ರಯೋಜನವಿಲ್ಲ.

ಈ ಕೂಡುಕೆಲಸಕ್ಕೆ ಈಗ ‘ಫಿನ್‌ಆಪ್ಸ್’ ಎಂಬ ಹೆಸರು ಬಿದ್ದಿದೆ. ಅದಕ್ಕೆಂದೇ 2019ರಲ್ಲಿ ಹುಟ್ಟಿದ ಪ್ರತಿಷ್ಠಾನ ಮರುವರ್ಷ ಲಿನಕ್ಸ್ ಫೌಂಡೇಶನ್ ಸೇರಿತು. ಬೇರೆ ಬೇರೆ ಕ್ಲೌಡ್ ಕಂಪನಿಗಳ ಬಿಲ್ಲುಗಳನ್ನು ಒಂದೇ ನಮೂನೆಗೆ ತರುವ ‘ಫೋಕಸ್’ ಎಂಬ ಮಾನಕದ ಮೊದಲ ಪೂರ್ಣ ಆವೃತ್ತಿಯನ್ನು ಅದು 2024ರಲ್ಲಿ ಹೊರತಂದಿತು. ಒಬ್ಬರ ಬಿಲ್ಲಿನ ಅಂಕಣ ಇನ್ನೊಬ್ಬರ ಬಿಲ್ಲಿನಲ್ಲಿ ಇರುತ್ತಿರಲಿಲ್ಲ, ಹೋಲಿಸುವುದೇ ದೊಡ್ಡ ತಲೆನೋವಾಗಿತ್ತು. ಈ ವಿದ್ಯೆಯ ಸುತ್ತ ಸರ್ಟಿಫಿಕೇಟು, ಸಮ್ಮೇಳನ, ಸಲಹೆಗಾರರ ಸಂತೆಯೂ ನೆರೆದಿದೆ. ಅದು ಸಣ್ಣ ಕಂಪನಿಗಳಿಗೆ ಬೇಕಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ, ಒಂದು ಪರದೆ, ಅದರ ಮುಂದೆ ಇಂಜಿನಿಯರ್, ಅಕೌಂಟ್ಸ್, ಗಿರಾಕಿಗಳ ಕಡೆಯವರು. ನಿನ್ನೆಯ ಖರ್ಚು ಇವತ್ತು ಕಾಣುವಂತಿದ್ದರೆ ಸಾಕು. ತಿಂಗಳಾದ ಮೇಲೆ ಕಂಡರೆ ಆ ಸರ್ವರನ್ನು ಏಕೆ ಎಬ್ಬಿಸಿದೆವೆಂಬುದೇ ಮರೆತುಹೋಗಿರುತ್ತದೆ.

ಖರ್ಚು ಕಡಿತದ ಹುರುಪು ಅತಿಯಾದರೂ ಕೇಡು. ಶೇಖರಣೆಯ ಖರ್ಚು ಉಳಿಸಲು ಸರ್ವರುಗಳ ದಿನಚರಿ ದಾಖಲೆಯನ್ನು ಅಳಿಸಿಬಿಟ್ಟ ತಂಡಕ್ಕೆ ಮುಂದಿನ ಸಲ ಕುಸಿತವಾದಾಗ ಕಾರಣ ಹುಡುಕಲು ಏನೂ ಉಳಿದಿರುವುದಿಲ್ಲ. ತಿಂಗಳಿಗೆ ಮುನ್ನೂರು ರೂಪಾಯಿ ಉಳಿಸಲು ಇಂಜಿನಿಯರ್ ಎರಡು ದಿನ ಕೂತರೆ ಅವರ ಸಂಬಳದ ಲೆಕ್ಕ ಯಾರು ಹಾಕಬೇಕು?

ಕ್ಲೌಡನ್ನೇ ಬಿಟ್ಟು ಹೋದವರೂ ಇದ್ದಾರೆ. ಡ್ರಾಪ್‌ಬಾಕ್ಸ್ ಕಂಪನಿ ತನ್ನ ಕಡತಗಳನ್ನು ಅಮೆಜಾನಿನಿಂದ ಸ್ವಂತ ಸರ್ವರುಗಳಿಗೆ ಸಾಗಿಸಿ ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಸಿತೆಂದು 2018ರಲ್ಲಿ ಷೇರು ಮಾರುಕಟ್ಟೆಗೆ ಬರುವಾಗ ತಿಳಿಸಿತು. ಅದರ ಹೊರೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ, ಗಾತ್ರವೂ ಭಾರಿ. ಸುಗ್ಗಿಯಲ್ಲಿ ದುಪ್ಪಟ್ಟಾಗಿ ಮಳೆಗಾಲದಲ್ಲಿ ಬತ್ತುವ ಅಡಿಕೆ ಮಂಡಿಯ ಲೆಕ್ಕ ಹಾಗಲ್ಲ. ಅಂಥ ಕಂಪನಿ ಸ್ವಂತ ಸರ್ವರ್ ಕೊಂಡರೆ ಸುಗ್ಗಿಯ ಗಾತ್ರಕ್ಕೇ ಕೊಳ್ಳಬೇಕು. ಅದರ ಜೊತೆ ವಿದ್ಯುತ್ತು, ಜನರೇಟರು, ಏಸಿ, ಕೆಟ್ಟ ಡಿಸ್ಕ್ ಬದಲಿಸುವ ಆಳಿನ ಸಂಬಳ ಎಲ್ಲವನ್ನೂ ಸೇರಿಸಬೇಕು. ಸೇರಿಸಿದ ಮೇಲೆ ಒಂದು ಮಂಡಿ ಬಿಲ್ಲಿಗೆ ಎಷ್ಟು ಬೀಳುತ್ತದೋ ಅದನ್ನು ಈಗಿನ ಒಂದೂವರೆ ರೂಪಾಯಿಯ ಪಕ್ಕದಲ್ಲಿ ಇಟ್ಟು ನೋಡಬೇಕು. ಆ ಒಂದೂವರೆ ರೂಪಾಯಿಯ ಲೆಕ್ಕವೇ ಕೈಯಲ್ಲಿಲ್ಲದ ಕಂಪನಿ ಕ್ಲೌಡ್ ದುಬಾರಿ ಎಂದರೂ ಅಗ್ಗ ಎಂದರೂ ಅದು ಊಹೆಯ ಮಾತು.