ಕಡಲಿನ ಸುದ್ದಿ ನಮಗೂ ಬೇಕು

ನಮ್ಮ ಧರ್ಮಪುರಿ, ಸೇಲಂ ಜಿಲ್ಲೆಗಳಲ್ಲಿ ಕಡಲಿಲ್ಲ. ಕಡಲನ್ನು ಕಣ್ಣಾರೆ ನೋಡದವರೂ ನಮ್ಮಲ್ಲಿ ಬಹಳ ಮಂದಿ. ಆದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಮ್ಮ ಹೊಲಕ್ಕೆ ಬೀಳುವ ಹಿಂಗಾರು ಮಳೆ ಬಂಗಾಳ ಕೊಲ್ಲಿಯಿಂದ ಬರುತ್ತದೆ. ಮೆಟ್ಟೂರು ಅಣೆಕಟ್ಟೆ ದಾಟಿದ ಕಾವೇರಿ ಕೊನೆಗೆ ಸೇರುವುದೂ ಅದೇ ಕಡಲನ್ನು.

ಚೆನ್ನೈನ ಪಳ್ಳಿಕರಣೈಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇದೆ. 1993ರಲ್ಲಿ ಶುರುವಾದದ್ದು. ಇದು ಕೇಂದ್ರ ಸರ್ಕಾರದ್ದು. ಸರ್ಕಾರಕ್ಕೆ ಹಣ ಎಲ್ಲಿಂದ ಬರುತ್ತದೆ? ನಾವು ಸೋಪು ಕೊಂಡರೆ, ಬೈಕಿಗೆ ಪೆಟ್ರೋಲ್ ಹಾಕಿಸಿದರೆ, ಆ ದುಡ್ಡಿನಲ್ಲೇ ತೆರಿಗೆ ಸೇರಿರುತ್ತದೆ. ಹಾಗಾದರೆ ನಮ್ಮ ದುಡ್ಡಿನಲ್ಲಿ ಅಲ್ಲಿ ಏನು ಮಾಡಿದರು?

ಒಂದು ಕೆಲಸ ಹೇಳುತ್ತೇನೆ. ಲಕ್ಷದ್ವೀಪದಲ್ಲಿ ಕವರತ್ತಿ ಎಂಬ ದ್ವೀಪವಿದೆ. ಸುತ್ತ ನೀರೋ ನೀರು. ಆದರೆ ಎಲ್ಲ ಉಪ್ಪು. 2005ರಲ್ಲಿ ಈ ಸಂಸ್ಥೆಯವರು ಅಲ್ಲಿ ಒಂದು ಘಟಕ ಕಟ್ಟಿದರು. ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರು ಕೊಡುವಂಥದ್ದು.

ಹೇಗೆ ಅಂತೀರಾ? ಸಾರು ಕುದಿಯುವಾಗ ಮುಚ್ಚಳ ತೆಗೆದು ನೋಡಿ. ಮುಚ್ಚಳದ ಒಳಗೆ ನೀರಿನ ಹನಿ ಇರುತ್ತದೆ. ಆ ಹನಿಯಲ್ಲಿ ಉಪ್ಪು ಇರಲ್ಲ. ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ. ಕವರತ್ತಿಯಲ್ಲಿ ನಡೆಯುವುದೂ ಇದೇ. ಆದರೆ ಅಲ್ಲಿ ಒಲೆ ಇಲ್ಲ! ಕಡಲಿನ ಮೇಲಿನ ನೀರು ಬಿಸಿಲಿಗೆ ಬೆಚ್ಚಗಿರುತ್ತದೆ, ಸುಮಾರು 28 ಡಿಗ್ರಿ. ಅದನ್ನು ದೊಡ್ಡ ತೊಟ್ಟಿಯೊಳಗೆ ಬಿಡುತ್ತಾರೆ. ತೊಟ್ಟಿಯ ಗಾಳಿಯನ್ನು ಪಂಪಿನಿಂದ ಹೊರಗೆ ಎಳೆಯುತ್ತಾರೆ. ಗಾಳಿಯ ಒತ್ತಡ ಕಡಿಮೆಯಾದರೆ ನೀರು ಕಡಿಮೆ ಬಿಸಿಗೇ ಆವಿಯಾಗುತ್ತದೆ. ನಮ್ಮ ಯೇರ್ಕಾಡು ಬೆಟ್ಟದ ಮೇಲೂ ನೀರು ಕೆಳಗಿನ ಊರಿಗಿಂತ ಸ್ವಲ್ಪ ಕಡಿಮೆ ಬಿಸಿಗೇ ಕುದಿಯುತ್ತದೆ. ಆವಿ ಮತ್ತೆ ನೀರಾಗಲು ತಂಪು ಬೇಕು. ಅದಕ್ಕೆ ಸುಮಾರು 350 ಮೀಟರ್ ಆಳದ ತಣ್ಣೀರನ್ನು ಕೊಳವೆಯಲ್ಲಿ ಮೇಲೆ ತರುತ್ತಾರೆ. ಪಂಪು ಓಡಲು ಕರೆಂಟು ಬೇಕು. ಹಾಗಾಗಿ ಈ ನೀರು ಪುಕ್ಕಟೆಯೇನಲ್ಲ.

ಇಷ್ಟು ಒಳ್ಳೆಯ ಕೆಲಸ ನಮಗೆ ಯಾಕೆ ಗೊತ್ತಿಲ್ಲ? ವರದಿಗಳೆಲ್ಲ ಇಂಗ್ಲಿಷಿನಲ್ಲಿ ಇರುತ್ತವೆ. ಬಿ.ಎ. ಓದಿದ ನನಗೂ ಒಂದೇ ಸಲಕ್ಕೆ ತಲೆಗೆ ಹತ್ತಲ್ಲ.

ತಿಳಿಯುವ ಭಾಷೆಯಲ್ಲಿ ಹೇಳಲು ಆಗುತ್ತದೆ. ಹೈದರಾಬಾದ್‌ನಲ್ಲಿ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರವಿದೆ. ಮೀನು ಎಲ್ಲಿ ಸಿಗಬಹುದು ಎಂದು ಉಪಗ್ರಹದ ಸಹಾಯದಿಂದ ತಿಳಿದು, ಮೀನುಗಾರರಿಗೆ ಕನ್ನಡದಲ್ಲೂ ತಮಿಳಿನಲ್ಲೂ ತಿಳಿಸುತ್ತಾರೆ. ಸುಮ್ಮನೆ ಹುಡುಕಿ ಅಲೆಯುವ ಡೀಸೆಲ್ ಉಳಿಯುತ್ತದೆ.

ಹೇಳದಿದ್ದರೆ ಜೀವವೇ ಹೋಗುತ್ತದೆ. 2004ರ ಡಿಸೆಂಬರ್ 26ರಂದು ಬೆಳಗ್ಗೆ ಆರೂವರೆಗೆ ಸುಮಾತ್ರಾ ಬಳಿ ಭೂಮಿ ನಡುಗಿತು. ಸುನಾಮಿ ಅಲೆ ನಾಗಪಟ್ಟಣಂ ಮುಟ್ಟಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟು ಹೊತ್ತಿದ್ದರೂ ದಡದ ಜನಕ್ಕೆ ಸುದ್ದಿ ಮುಟ್ಟಲಿಲ್ಲ. ಹಿಂದೂ ಮಹಾಸಾಗರಕ್ಕೆ ಆಗ ಸುನಾಮಿ ಎಚ್ಚರಿಕೆ ಕೇಂದ್ರವೇ ಇರಲಿಲ್ಲ. ಆ ಒಂದು ಜಿಲ್ಲೆಯಲ್ಲೇ 6 ಸಾವಿರಕ್ಕೂ ಹೆಚ್ಚು ಜನ ಸತ್ತರು. 2007ರಲ್ಲಿ ಹೈದರಾಬಾದ್‌ನ ಅದೇ ಕೇಂದ್ರದಲ್ಲಿ ಎಚ್ಚರಿಕೆ ವ್ಯವಸ್ಥೆ ಶುರುವಾಯಿತು.

2005ರ ಮಾಹಿತಿ ಹಕ್ಕು ಕಾಯ್ದೆ ಇದೆಯಲ್ಲ, ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎಂದು ಅದರ 4ನೇ ಕಲಂ ಹೇಳುತ್ತದೆ. ಬೇಕಾದ ಮಾಹಿತಿ ಸಿಗದಿದ್ದರೆ ಅರ್ಜಿ ಹಾಕಬಹುದು. ನಮ್ಮ ಕಡೆ ತಮಿಳಿನಲ್ಲಿ ಬರೆಯಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಯಾಕೆ ಬೇಕು ಎಂದು ಕಾರಣ ಹೇಳಬೇಕಿಲ್ಲ. ಬರೆಯಲು ಆಗದಿದ್ದರೆ ಬಾಯಲ್ಲಿ ಹೇಳಿ. ಅದನ್ನು ಬರಹಕ್ಕೆ ಇಳಿಸಲು ಮಾಹಿತಿ ಅಧಿಕಾರಿಯೇ ಸಹಾಯ ಮಾಡಬೇಕು.