ಹೆಳವರ ಹೊತ್ತಿಗೆಯಲ್ಲಿ ಮೂಲಪುರುಷ: ನಾಲತವಾಡ ಸೀಮೆಯನ್ನು ಕುರಿತು

ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದಂತಹ ಊರುಗಳಲ್ಲಿ ಒಕ್ಕಲು ಮನೆತನದ ಮುತ್ತಜ್ಜನನ್ನು ಅರಿಯಲು ಕಂದಾಯ ದಾಖಲೆಗಳಷ್ಟೇ ಸಾಲವು. ಅವು ಹೊಲದ ಒಡೆತನವನ್ನು ತಿಳಿಸುತ್ತವೆ. ಆತ ಯಾವ ಊರಿನಿಂದ, ಏಕೆ ಬಂದನೆಂಬುದನ್ನು ಹೇಳುವವರು ಹೆಳವರು. ಕಂಬಳಿಯಿಂದ ಕಾಲು ಮುಚ್ಚಿಕೊಂಡು ಎತ್ತಿನ ಮೇಲೆ ಕುಳಿತು ಬರುತ್ತಿದ್ದ ಈ ವಂಶಾವಳಿಕಾರರು ಮನೆತನದ ಬೆಡಗು, ಮೂಲಸ್ಥಳ, ಅಣ್ಣತಮ್ಮಂದಿರ ಕವಲುಗಳನ್ನು ಹಾಡಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಕಾಳು, ಬಟ್ಟೆ ಪಡೆದು ಹೋಗುತ್ತಿದ್ದರು.

ಈ ಸ್ಮೃತಿಯನ್ನು ಇದ್ದಂತೆಯೇ ಇತಿಹಾಸವೆಂದು ಸ್ವೀಕರಿಸಲಾಗದು. ದಾನಿಯ ಮುಂದೆ ಹಾಡುವ ಹಾಡಿನಲ್ಲಿ ಹೊಗಳಿಕೆ ಸಹಜ. ಸಾಲು ಹೆಚ್ಚಾಗಿ ಗಂಡುಸಂತತಿಯದು. ಮನೆಯನ್ನು ಉಳಿಸಿದ ಮುತ್ತಜ್ಜಿಯನ್ನು ಹುಡುಕಲು ಹೊತ್ತಿಗೆಯನ್ನು ಬಿಟ್ಟು ಬೀಸುಕಲ್ಲಿನ ಬಳಿಗೇ ಹೋಗಬೇಕು. ಆದರೆ ವಲಸೆಯ ವಿಷಯದಲ್ಲಿ ಹೆಳವರ ಮಾತಿಗೆ ಬೆಲೆಯುಂಟು. 1791-92ರ ಡೋಗಿ ಬರ, 1876-78ರ ಧಾತು ಬರಗಳು ಈ ಬಯಲುಸೀಮೆಯನ್ನು ಕದಡಿದವು. ಆಗಿನ ಕಲಾದಗಿ ಜಿಲ್ಲೆಯ ಆಡಳಿತ ವರದಿಗಳಲ್ಲಿ ಬರ ಅಂಕಿಯಾಗಿ ಉಳಿದರೆ, ಮನೆಯ ನೆನಪಿನಲ್ಲಿ ಅದು ಊರು ಬಿಟ್ಟ ಒಬ್ಬ ಮನುಷ್ಯನ ನಡಿಗೆ.

ಕೃಷ್ಣಾ ದಡದ ಅನೇಕ ಊರುಗಳು ಆಲಮಟ್ಟಿ, ನಾರಾಯಣಪುರ ಜಲಾಶಯಗಳಲ್ಲಿ ಮುಳುಗಿದ ಮೇಲೆ ಕೆಲವು ಮನೆತನಗಳಿಗೆ ಮೂಲಸ್ಥಳವೆಂಬುದು ಹೆಳವನ ಬಾಯಲ್ಲಿಯೂ ಅವನ ಹೊತ್ತಿಗೆಯಲ್ಲಿಯೂ ಮಾತ್ರ ಉಳಿದಿದೆ. ಅವನ ಮಕ್ಕಳು ಬೇರೆ ದುಡಿಮೆಗೆ ಹೊರಟಿರುವುದರಿಂದ, ಆ ಹೊತ್ತಿಗೆಗಳನ್ನು ಹಾಡಿನ ಧ್ವನಿಮುದ್ರಣದ ಸಮೇತ ಸಂಗ್ರಹಿಸುವ ಕಾರ್ಯ ತಡವಾಗಬಾರದು.